ಹುತಾತ್ಮರ ಎಡಮಂಡಿ

ಕಫ್ರ್ ಬತ್ತಾ ಗ್ರಾಮದ ಏಕೈಕ ಹುತಾತ್ಮರಾದ ಮಾನ್ಯ ಗುಬಾಶಿ ಮುತವಲ್ಲಿ ಅವರಿಗೆ ಮಂಗಳವಾರ ಬೆಳಿಗ್ಗೆ ಏಳು ಗಂಟೆಯಿಂದ ಎಡಮಂಡಿ ಮಡಚಲು ಬರುತ್ತಿಲ್ಲವೆಂದು ಸಮಸ್ತರಿಗೂ ವಿಷಾದಪೂರ್ವಕವಾಗಿ ತಿಳಿಸಲಾಗಿದೆ.

ಹುತಾತ್ಮರಿಗೆ ಮಂಡಿನೋವು ಬರುವುದುಂಟೇ ಎಂದು ಕೇಳುವವರು ಹೊರಗಿನವರು. ಊರಿನವರು ಯಾರೂ ಕೇಳುವುದಿಲ್ಲ. ಕೇಳಬಾರದೆಂದು ಐವತ್ತು ವರ್ಷದ ಹಿಂದೆಯೇ ತೀರ್ಮಾನವಾಗಿದೆ.

ಆದದ್ದು ಇಷ್ಟು. ಅಕ್ಟೋಬರ್ ಯುದ್ಧದಲ್ಲಿ ಗುಬಾಶಿ ಸುಯೆಜ್ ಕಾಲುವೆ ದಾಟಿ ಹೋದ. ಕೈಯಲ್ಲಿ ಬಂದೂಕಿಗಿಂತ ಹೆಚ್ಚು ಹೊತ್ತು ಇದ್ದದ್ದು ಸೌಟು. ಅವನು ಅಡುಗೆಯವನು, ಇಡೀ ಪಡೆಯ ಬೇಳೆ ಬೇಯಿಸುತ್ತಿದ್ದವನು. (ತನ್ನ ಬೇಳೆ ಬೇಯಿಸಿಕೊಳ್ಳುವುದು ಮಾತ್ರ ಅವನಿಗೆ ಕೊನೆಯವರೆಗೂ ಬರಲಿಲ್ಲ.) ಪಡೆ ಶತ್ರುವಿನ ಮುತ್ತಿಗೆಗೆ ಸಿಕ್ಕಿತು. ಊರಿಗೆ 'ಕಾಣೆಯಾಗಿದ್ದಾನೆ' ಎಂದು ಕಾಗದ ಬಂತು. ಆ ಹೊತ್ತಿಗೆ ಊರಲ್ಲಿ ಹೊಸ ಶಾಲೆ ಎದ್ದು ನಿಂತಿತ್ತು, ಗುರುವಾರ ಗವರ್ನರ್ ಸಾಹೇಬರು ಉದ್ಘಾಟನೆಗೆ ಬರುವವರಿದ್ದರು, ಶಾಲೆಗೆ ಒಬ್ಬ ಹುತಾತ್ಮನ ಹೆಸರು ಬೇಕಿತ್ತು. ಪಕ್ಕದ ಮೀತ್ ವಿಝ್ಝಾದವರು ಆಗಲೇ ಒಬ್ಬನನ್ನು ಹುಡುಕುತ್ತಿದ್ದರು. ಕಫ್ರ್ ಬತ್ತಾ ಎಂದರೆ ಬಾತಿನ ಊರು, ಮೀತ್ ವಿಝ್ಝಾ ಎಂದರೆ ಹೆಬ್ಬಾತಿನ ಊರು. ಇದೊಂದೇ ಕಾರಣ ಸಾಕು, ಆ ಎರಡು ಊರುಗಳು ಪ್ರಳಯದವರೆಗೂ ಜಗಳವಾಡಲು. ಅಂದಿನ ಉಮ್ದಾ, ಎಂದರೆ ಊರ ಮುಖ್ಯಸ್ಥ, ಮೇಜು ಗುದ್ದಿ ಹೇಳಿದ: "ಕಾಣೆಯಾದೋನು ಅಂದ್ರೆ ಏನು? ನಾಚಿಕೆ ಸ್ವಭಾವದ ಹುತಾತ್ಮ, ಅಷ್ಟೇ."

ಗುರುವಾರ 'ಹುತಾತ್ಮ ಗುಬಾಶಿ ಮುತವಲ್ಲಿ ಪ್ರಾಥಮಿಕ ಶಾಲೆ' ಉದ್ಘಾಟನೆಯಾಯಿತು. ಶನಿವಾರ ಗುಬಾಶಿ ನಡೆದುಕೊಂಡು ಬಂದ.

ಊರಿಗೆ ಊರೇ ಸಿಟ್ಟಾಯಿತು. "ಬುಧವಾರ ಬರಕ್ಕೆ ಏನಾಗಿತ್ತು ನಿಂಗೆ?" ಎಂದು ಸ್ವಂತ ಸೋದರಮಾವ ಬೈದ. ಸಾವಿನ ಮನೆಗೆಂದು ಸಕ್ಕರೆ ತಂದುಕೊಟ್ಟಿದ್ದ ನೆರೆಯವರು ಬೋಗುಣಿ ಹಿಡಿದು ವಾಪಸ್ ಕೇಳಲು ಬಂದರು. ತಡವಾದದ್ದು ಗುಬಾಶಿಯ ತಪ್ಪಲ್ಲ. ಮುತ್ತಿಗೆ ಫೆಬ್ರವರಿಯಲ್ಲೇ ತೆರವಾಗಿತ್ತು. ಆದರೆ ಸೇನೆಯಿಂದ ಸಹಿ ಹಾಕಿ ಪಡೆದಿದ್ದ ತಾಮ್ರದ ಕೊಪ್ಪರಿಗೆಯ ಮುಚ್ಚಳ ಯುದ್ಧದಲ್ಲಿ ಕಳೆದುಹೋಗಿತ್ತು. ಉಗ್ರಾಣದವನು, ಮುಚ್ಚಳ ತಂದುಕೊಡದೆ ಬಿಡುಗಡೆ ಇಲ್ಲವೆಂದು ಕೂತ. ಹೀಗೆ ಶತ್ರುವಿನ ಫಿರಂಗಿಗಳಿಂದ ಆಗದ ಕೆಲಸ ಒಂದು ಮುಚ್ಚಳದಿಂದ ಆಗಿ, ಗುಬಾಶಿ ಹುತಾತ್ಮನಾದ.

ಶಾಲೆಯ ಹೆಸರಿನ ಕಬ್ಬಿಣದ ಅಕ್ಷರಗಳನ್ನು ಆಗಲೇ ಬೆಸುಗೆ ಹಾಕಿಯಾಗಿತ್ತು. ಆದ್ದರಿಂದ ಊರು ಒಂದು ಒಪ್ಪಂದಕ್ಕೆ ಬಂತು: ಒಳಗಿನವರಿಗೆ ಗುಬಾಶಿ ಬದುಕಿದ್ದಾನೆ, ಹೊರಗಿನವರಿಗೆ ಇಲ್ಲ. ಅಧಿಕಾರಿಗಳು ಬಂದ ದಿನ ಅವನು ಪಾರಿವಾಳದ ಗೋಪುರ ಹತ್ತಿ ಕೂರಬೇಕು. ಜನನ-ಮರಣದ ಕಡತದಲ್ಲಿ ಜೀವಂತ, ಶಿಕ್ಷಣ ಇಲಾಖೆಯ ಕಡತದಲ್ಲಿ ಹುತಾತ್ಮ. ಎರಡು ಕಡತಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ಸರ್ಕಾರಿ ಕಡತಗಳು ಮರ್ಯಾದಸ್ಥ ಮನೆತನದವು, ಅಷ್ಟು ಸುಲಭವಾಗಿ ಯಾರ ಜೊತೆಗೂ ಮಾತಾಡುವುದಿಲ್ಲ.

ಈಗ ಮಂಡಿಯ ವಿಷಯ.

ಆಸ್ಪತ್ರೆ ಇದ್ದದ್ದು ಮೀತ್ ವಿಝ್ಝಾದಲ್ಲಿ. ಗುಬಾಶಿ ಕತ್ತೆಗಾಡಿ ಹತ್ತಿ ಅಲ್ಲಿಗೇ ಹೋದ. ಹೊಸದಾಗಿ ಬಂದಿದ್ದ ಡಾಕ್ಟರ್ ಮಂಡಿ ಒತ್ತಿ ನೋಡಿ ತಲೆಯಾಡಿಸಿದ.

"ಕಾಕಾ, ಈ ಮಂಡಿ ಕಥೆ ಮುಗೀತು. ಹೊಸದೇ ಹಾಕಿಸ್ಬೇಕು."

"ಹೊಸದು ಎಲ್ಲಿ ಸಿಗತ್ತಪ್ಪ?"

"ಯುದ್ಧಕ್ಕೆ ಹೋಗಿದ್ರಾ ನೀವು? ಹಂಗಾದ್ರೆ ಸೇನೆ ಆಸ್ಪತ್ರೇಲಿ ಪುಕ್ಕಟೆ ಹಾಕ್ತಾರೆ. ಹಳೇ ಯೋಧರ ಕಾರ್ಡು ಇರಬೇಕು. ಇಲ್ವಾ? ಈ ಅರ್ಜಿ ತಗೊಳಿ. ನೀವು ಬದುಕಿದೀರಿ, ನೀವೇ ನೀವು ಅಂತ ಇಬ್ರು ಸರ್ಕಾರಿ ನೌಕರರು ಸಹಿ ಹಾಕಿ ಸರ್ಕಾರದ ಹದ್ದಿನ ಮುದ್ರೆ ಒತ್ತಬೇಕು. ಕೊಡಿ, ನಾನೇ ಒತ್ತಿಕೊಡ್ತೀನಿ, ನಮ್ಮಲ್ಲೂ ಹದ್ದಿದೆ."

ಮೀತ್ ವಿಝ್ಝಾದವರ ಬಳಿ ಐವತ್ತು ವರ್ಷದಿಂದ ಅನುಮಾನ ಇತ್ತು, ಕಾಗದ ಇರಲಿಲ್ಲ. ಇಲ್ಲಿ ಮುದ್ರೆ ಬಿದ್ದರೆ ಇಲ್ಲಿಯ ಪುಸ್ತಕದಲ್ಲಿ ಅವನ ಹೆಸರು ಬೀಳುತ್ತದೆ.

"ಬೇಡಪ್ಪ ಬೇಡ, ನಮ್ಮೂರಲ್ಲೇ ಒಂದು ಹದ್ದಿದೆ," ಎಂದು ಅರ್ಜಿ ಕಸಿದುಕೊಂಡು ಹೊರಬಿದ್ದ. ಕಾಲಿಗೆ ಬುದ್ಧಿ ಹೇಳೋಣವೆಂದರೆ ಎಡಗಾಲು ಯಾರ ಬುದ್ಧಿಯನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಮೆಲ್ಲಗೆ ಕುಂಟುತ್ತಾ ಬಂದ. ಮೆಲ್ಲಗೆ ಬಂದದ್ದರಿಂದ ಕ್ಷೌರಿಕ ಸಬ್ಬಾಹಿಗೆ ಚೆನ್ನಾಗಿ ಕಾಣಿಸಿದ.

ಸಬ್ಬಾಹಿ ತಲೆಯ ಮೇಲಿನದನ್ನು ಕತ್ತರಿಸುವುದಕ್ಕಿಂತ ತಲೆಯ ಒಳಗೆ ತುಂಬುವುದರಲ್ಲಿ ನಿಪುಣ. ಹತ್ತು ಗಂಟೆಗೆ ಅವನು ಹೇಳಿದ್ದು: ಗುಬಾಶಿ ಮೀತ್ ವಿಝ್ಝಾದಿಂದ ಒಂದು ಕಾಗದ ತಂದ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕಾಗದದ ಮೇಲೆ ಮೀತ್ ವಿಝ್ಝಾದ ಉಮ್ದಾನ ಸಹಿ ಇತ್ತು. ಸಂಜೆ ಚಹಾದಂಗಡಿಗೆ ಬರುವಷ್ಟರಲ್ಲಿ ಸುದ್ದಿ ಬಲಿತು ದಷ್ಟಪುಷ್ಟವಾಗಿತ್ತು.

"ಬದುಕಿರೋದಕ್ಕೆ ಒಪ್ಪಿಕೊಂಡ್ಬಿಟ್ಟಿದಾನಂತೆ!"

"ಯಾ ಅಲ್ಲಾ! ಎಷ್ಟಕ್ಕೆ?"

"ಒಂದು ಎಮ್ಮೆ. ಗಬ್ಬದ್ದು."

ಗುಬಾಶಿ ಅಂಗಡಿಯೊಳಗೆ ಕಾಲಿಟ್ಟ. ಮಾತು ನಿಂತಿತು. ಅವನ ಮುಂದೆ ಚಹಾ ಬಂತು, ಸಕ್ಕರೆ ಬರಲಿಲ್ಲ. ಐವತ್ತು ವರ್ಷದ ಹಿಂದಿನ ಸಕ್ಕರೆಯ ಲೆಕ್ಕ ಇವತ್ತು ಚುಕ್ತಾ ಆಯಿತೇನೋ ಎಂದುಕೊಂಡು ಅವನು ಸಪ್ಪೆ ಚಹಾ ಕುಡಿದು ಮನೆಗೆ ಹೋದ.

ಮನೆಯಲ್ಲಿ ನಬವಿಯ್ಯಾ ಕಾದಿದ್ದಳು. ಆಕೆ ಗುಬಾಶಿಯ ಹೆಂಡತಿ. ಯುದ್ಧಕ್ಕೆ ಮುಂಚೆ ನಿಶ್ಚಯವಾಗಿ, ಅವನು ಸತ್ತಾಗ ಅತ್ತು, ಬಂದಾಗ ಅನುಮಾನಪಟ್ಟು, ಆಮೇಲೆ ಮದುವೆಯಾದವಳು.

"ಸೇನೆ ಆಸ್ಪತ್ರೆಗೆ ಹೋಗ್ಬೇಕಂತೆ ನಿಂಗೆ? ಅದು ಸುಯೆಜ್ ದಾರೀಲಿ ತಾನೆ ಇರೋದು?"

"ರಜಬ್‌ನ ತಾಯಿ, ಶುರು ಮಾಡ್ಬೇಡ."

"ನಾನೆಲ್ಲಿ ಶುರು ಮಾಡ್ದೆ? ಶುರು ಮಾಡಿದ್ದು ನೀನು. ಮುತ್ತಿಗೆ ಬಿಟ್ಟಿದ್ದು ಫೆಬ್ರವರೀಲಿ. ಮನೆಗೆ ಬಂದಿದ್ದು ಮಾರ್ಚ್‌ನಲ್ಲಿ. ನಡುವಿನ ಒಂದು ತಿಂಗಳು ಎಲ್ಲಿದ್ದೆ?"

"ಮುಚ್ಚಳ ಹುಡುಕ್ತಿದ್ದೆ ಅಂತ ಐವತ್ತು ವರ್ಷದಿಂದ ಹೇಳ್ತಿದೀನಲ್ಲೇ!"

"ಹೂಂ. ಮುಚ್ಚಳ." ನಬವಿಯ್ಯಾ ಆ ಶಬ್ದವನ್ನು ಉಚ್ಚರಿಸಿದ ರೀತಿಯಲ್ಲಿ ಮುಚ್ಚಳಕ್ಕೆ ಕಾಡಿಗೆ ಹಚ್ಚಿದ ಕಣ್ಣು, ಸೊಂಟದವರೆಗೆ ಜಡೆ, ಸುಯೆಜ್‌ನಲ್ಲಿ ಎರಡಂತಸ್ತಿನ ಮನೆ ಎಲ್ಲ ಇತ್ತು.

ಮರುದಿನ ಉಮ್ದಾ ಹಮ್ಮೂದಾನಿಂದ ಕರೆ ಬಂತು. ಈತ ಹಳೆಯ ಉಮ್ದಾನ ಮಗ. ಅಪ್ಪನಿಂದ ಮೀಸೆ, ಜಪಮಣಿ ಮತ್ತು ಗುಬಾಶಿಯ ರಹಸ್ಯ ಮೂರನ್ನೂ ಪಿತ್ರಾರ್ಜಿತವಾಗಿ ಪಡೆದಿದ್ದ. ಪಕ್ಕದಲ್ಲಿ ಶಾಲೆಯ ಹೆಡ್‌ಮಾಸ್ಟರ್ ಉಸ್ತಾದ್ ಶಂದವೀಲಿ (ಓದಿದವರೆಲ್ಲ ಅಲ್ಲಿ 'ಉಸ್ತಾದ್'), ಹದ್ದಿನ ಮುದ್ರೆಯಿದ್ದ ಸಣ್ಣ ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದರು. ಗುಬಾಶಿ ಒಳಗೆ ಬರುತ್ತಲೇ ಪೆಟ್ಟಿಗೆಗೆ ಬೀಗ ಬಿತ್ತು.

"ಗುಬಾಶಿ, ನಿಂಗೆ ನಾವು ಏನು ಕಮ್ಮಿ ಮಾಡಿದೀವಿ?" ಉಮ್ದಾ ಕೇಳಿದ. "ಪ್ರತಿ ಅಕ್ಟೋಬರ್‌ನಲ್ಲೂ ನಿನ್ ಹೆಸರಲ್ಲಿ ಮಕ್ಕಳು ಹಾಡು ಹೇಳ್ತಾರೆ."

"ನನ್ನನ್ನ ಪಾರಿವಾಳದ ಗೋಪುರಕ್ಕೆ ಹತ್ತಿಸಿರ್ತೀರಲ್ಲ ಉಮ್ದಾ, ನಂಗೆಲ್ಲಿ ಕೇಳಿಸತ್ತೆ?"

"ಕೇಳಿಸ್ಬಾರದು! ಹುತಾತ್ಮರಿಗೆ ಕೇಳಿಸತ್ತಾ? ಮೊದಲು ಹೇಳು, ಎಮ್ಮೆ ಎಲ್ಲಿ?"

"ಯಾವ ಎಮ್ಮೆ?"

ಉಮ್ದಾ ಹೆಡ್‌ಮಾಸ್ಟರರ ಕಡೆ ತಿರುಗಿದ. "ನೋಡಿದ್ರಾ? ಯಾವ ಎಮ್ಮೆ ಅಂತಾನೆ. ಅಂದ್ರೆ ಒಂದಕ್ಕಿಂತ ಜಾಸ್ತಿ ಇದೆ."

ಗುಬಾಶಿ ನಿಲುವಂಗಿಯನ್ನು ತೊಡೆಯವರೆಗೆ ಎತ್ತಿ, ಕುಂಬಳಕಾಯಿಯಂತೆ ಊದಿದ ಮಂಡಿಯನ್ನು ಸಾಕ್ಷಿಯಾಗಿ ಹಾಜರುಪಡಿಸಿದ. ಅರ್ಜಿಯನ್ನೂ ಮುಂದಿಟ್ಟ. ಹೆಡ್‌ಮಾಸ್ಟರ್ ಮಂಡಿಯನ್ನು ನೋಡಿದರು, ಅರ್ಜಿಯನ್ನು ಓದಿದರು, ಮತ್ತೆ ಮಂಡಿಯನ್ನು ನೋಡಿದರು. ಎರಡರಲ್ಲಿ ಮಂಡಿಯೇ ಹೆಚ್ಚು ನಂಬಿಕಸ್ಥವಾಗಿ ಕಂಡಿತು.

"ನೋವು ನಿಜ, ಉಮ್ದಾ. ಆದ್ರೆ ಸಮಯ ಸರಿಯಿಲ್ಲ," ಎಂದು ಅವರು ಜೇಬಿನಿಂದ ಒಂದು ಕಾಗದ ತೆಗೆದರು. "ಭಾನುವಾರ ಇಲಾಖೆಯಿಂದ ತನಿಖಾಧಿಕಾರಿ ಬರ್ತಾರೆ. ಎರಡು ಊರಿಗೆ ಒಂದೇ ಶಾಲೆ ಸಾಕಂತೆ. ಒಂದನ್ನ ಮುಚ್ತಾರೆ. ಹುತಾತ್ಮರ ಹೆಸರಿನ ಶಾಲೆನ ಮುಟ್ಟಲ್ಲ. ಆದ್ರೆ ಹುತಾತ್ಮರು ನಿಜವಾಗ್ಲೂ ಹುತಾತ್ಮರೇ ಅಂತ ದೃಢಪಡ್ಬೇಕು."

"ದೃಢಪಡದೇ ಇದ್ರೆ?"

"ನಮ್ಮ ಇನ್ನೂರಾ ಹನ್ನೆರಡು ಮಕ್ಕಳು ದಿನಾ ಹೆದ್ದಾರಿ ದಾಟಿ ಮೀತ್ ವಿಝ್ಝಾಕ್ಕೆ ಹೋಗ್ಬೇಕು. ಆ ಲಾರಿಗಳ ಮಧ್ಯೆ. ಅದ್ರಲ್ಲಿ ನಿಮ್ಮ ಇಬ್ರು ಮೊಮ್ಮಕ್ಕಳೂ ಸೇರಿದಾರೆ, ಕಾಕಾ."

ಗುಬಾಶಿ ನಿಲುವಂಗಿ ಕೆಳಗಿಳಿಸಿದ.

"ಭಾನುವಾರ ಗೋಪುರ ಹತ್ತು," ಎಂದ ಉಮ್ದಾ.

"ಈ ಮಂಡೀಲಿ? ಹತ್ತಿಸಿದ್ರೆ ನಿಜವಾಗ್ಲೂ ಹುತಾತ್ಮ ಆಗ್ತೀನಿ."

ಅದು ಕೂಡ ಕೆಟ್ಟ ಸಲಹೆಯಲ್ಲ ಎಂಬಂತೆ ಉಮ್ದಾ ಒಂದು ಕ್ಷಣ ಯೋಚಿಸಿದ್ದನ್ನು ಇಲ್ಲಿ ದಾಖಲಿಸಲೇಬೇಕು. ಆಮೇಲೆ ಅವನ ಮುಖ ಬೆಳಗಿತು. ಯೋಜನೆ ಹುಟ್ಟಿತು: ಗುಬಾಶಿಯನ್ನು ಬಚ್ಚಿಡುವುದು ಬೇಡ. ಭಾನುವಾರ ಅವನು ಹುತಾತ್ಮನ ತಮ್ಮನಾಗಿ ಎದುರಿಗೇ ಕೂರಲಿ, ಅಣ್ಣನಿಗಾಗಿ ಅಳಲಿ. ಅಧಿಕಾರಿ ಒಪ್ಪಿ ಹೋದರೆ ಸೋಮವಾರ ಹೆಡ್‌ಮಾಸ್ಟರರು ಅರ್ಜಿಗೆ ಹದ್ದು ಒತ್ತುತ್ತಾರೆ. ಊರಿಗೆ ಶಾಲೆ, ಗುಬಾಶಿಗೆ ಮಂಡಿ.

ಗುಬಾಶಿ ಒಪ್ಪಿದ. ಮಂಡಿಗಾಗಿ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ, ಕುಂಟುತ್ತಾ, ಮನೆ ಸೇರಿದ.

ಭಾನುವಾರ ಬಂದ ಅಧಿಕಾರಿಯ ಹೆಸರು ಉಸ್ತಾದ್ ವಗ್ದಿ. ಇಪ್ಪತ್ತಾರು ವರ್ಷ ತನಿಖೆ ಮಾಡಿ ಮಾಡಿ ಅವನು ಜಗತ್ತಿನ ಯಾವುದನ್ನೂ ನಂಬದ ಹಂತ ತಲುಪಿದ್ದ. ಉಮ್ದಾನ ಹಜಾರದಲ್ಲಿ ಕೊಟ್ಟ ಚಹಾವನ್ನು ಮೂಸಿ ನೋಡಿದ. ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿದ. ಗೋಡೆಯ ಮೇಲಿನ ಗಡಿಯಾರವನ್ನು ತನ್ನ ಕೈಗಡಿಯಾರದ ಜೊತೆ ಹೋಲಿಸಿ, ಎರಡನ್ನೂ ಅನುಮಾನದಿಂದ ನೋಡಿದ.

"ಹುತಾತ್ಮರ ತಮ್ಮ ಯಾರು?"

"ನಾನೇ," ಎಂದ ಗುಬಾಶಿ.

"ಹೆಸರು?"

ಊರಿಗೆ ಊರೇ ಮೂರು ದಿನ ಕೂತು ಅಣ್ಣನ ಶೌರ್ಯವನ್ನೆಲ್ಲ ತಯಾರಿಸಿತ್ತು. ತಮ್ಮನಿಗೆ ಹೆಸರಿಡುವುದನ್ನು ಮರೆತಿತ್ತು.

"ಸಾಲಿಮ್," ಎಂದ ಉಮ್ದಾ.

"ಗಾನಿಮ್," ಎಂದರು ಹೆಡ್‌ಮಾಸ್ಟರ್, ಅದೇ ಕ್ಷಣದಲ್ಲಿ.

"ಗುಬಾಶಿ," ಎಂದ ಗುಬಾಶಿ, ಎಪ್ಪತ್ತು ವರ್ಷದ ಅಭ್ಯಾಸಬಲದಿಂದ.

ಉಸ್ತಾದ್ ವಗ್ದಿ ಪೆನ್ನಿನ ಮುಚ್ಚಳ ತೆಗೆದ. "ಮೂರು ಹೆಸರು. ಒಬ್ಬ ಮನುಷ್ಯ. ಗುರುತಿನ ಚೀಟಿ ಕೊಡಿ ಇಲ್ಲಿ."

ಚೀಟಿ ಕೈ ಬದಲಾಯಿತು. ಉಮ್ದಾನ ಜಪಮಣಿ ನಿಂತಿತು. "ಗುಬಾಶಿ ಮುತವಲ್ಲಿ!" ಎಂದು ಓದಿದ ಅಧಿಕಾರಿ. "ಇದು ಹುತಾತ್ಮರ ಹೆಸರಲ್ವಾ?"

ಆಗ ಬಾಗಿಲ ಬಳಿ ಕೂತಿದ್ದ ನಬವಿಯ್ಯಾ ಬಾಯಿ ತೆರೆದಳು. ಸುಳ್ಳು ಹೇಳಲಾರೆನೆಂದು ಆಕೆ ಮೊದಲೇ ಉಮ್ದಾನಿಗೆ ಖಡಾಖಂಡಿತವಾಗಿ ತಿಳಿಸಿದ್ದಳು, ಹೇಳಲೂ ಇಲ್ಲ.

"ಗುಬಾಶಿ ಕಾಣೆ ಅಂತ ಕಾಗದ ಬಂದ್ಮೇಲೆ ನಮ್ಮತ್ತೆ ಇವನನ್ನೇ ಗುಬಾಶಿ ಅಂತ ಕರೀತಿದ್ರು ಸ್ವಾಮಿ. ಸಾಯೋವರೆಗೂ ಹಂಗೇ ಕರೆದ್ರು."

ಹೆಡ್‌ಮಾಸ್ಟರ್ ಸಿಕ್ಕ ಹಗ್ಗವನ್ನು ಹಿಡಿದರು: "ತಾಯಿಯ ದುಃಖ, ಉಸ್ತಾದರೇ. ನೋಂದಣಿ ಕಚೇರಿವರೆಗೂ ಹೋಗಿತ್ತು."

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ ಎಂದು ಸಬ್ಬಾಹಿಗೂ ಕಾಣಲಿಲ್ಲ. "ನಿಮಗೆ ಹುತಾತ್ಮರು ಗೊತ್ತಿದ್ರಾ ತಾಯಿ?"

"ನಂಗೇ ನಿಶ್ಚಯ ಆಗಿತ್ತು. ಎಂಥ ಗಂಡಸು! ನಗೋನು, ಹಾಡೋನು, ಮೂಟೆ ಎತ್ತಿ ಎಸೆಯೋನು. ಆ ಗುಬಾಶಿ ಯುದ್ಧಕ್ಕೆ ಹೋದ ಸ್ವಾಮಿ, ವಾಪಸ್ ಬರಲೇ ಇಲ್ಲ." ಅವಳು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಬಂದಿದ್ದು ಇವನು."

ಗುಬಾಶಿಗೆ ಹೊಟ್ಟೆ ಉರಿಯಿತು. ಅಣ್ಣ ತಮ್ಮಂದಿರ ನಡುವೆ ಹೊಟ್ಟೆಕಿಚ್ಚು ಲೋಕರೂಢಿ. ಒಬ್ಬನೇ ಮನುಷ್ಯ ಎರಡೂ ಕಡೆ ನಿಂತು ಉರಿಯುವುದು ಅಪರೂಪ.

ಅಷ್ಟರಲ್ಲಿ ಉಮ್ದಾ ಶುರುಮಾಡಿದ್ದ. "ಏಳು ಟ್ಯಾಂಕು ಉಸ್ತಾದರೇ! ಒಬ್ಬನೇ!"

"ಹನ್ನೆರಡು," ಎಂದ ಸಬ್ಬಾಹಿ, ಊರಿನ ಮಾನ ಉಳಿಸಲು.

"ಕೊನೆಯ ಟ್ಯಾಂಕಿನ ಮೇಲೆ ಹತ್ತಿ, ಕೋವಿ ನಳಿಗೇನ ಕೈಯಲ್ಲೇ ಬಗ್ಗಿಸಿದ! ಬೇಳೆ ಬೇಯಿಸೋ ಕೆಲಸ ಕೊಡಕ್ಕೆ ಬಂದಿದ್ರಂತೆ, ಕೊಪ್ಪರಿಗೇನ ಒದ್ದು, 'ಇದು ಹೆಂಗಸರ ಕೆಲಸ' ಅಂದ!"

"ಒದೀಲಿಲ್ಲ," ಎಂದ ಗುಬಾಶಿ.

ಎಲ್ಲರೂ ಅವನತ್ತ ತಿರುಗಿದರು.

"ಒದ್ದಿರ್ಲಿಲ್ಲ. ನಾನೂರು ಜನಕ್ಕೆ ಬೇಳೆ ಬೇಯಿಸೋದು ಆಟ ಅಂದ್ಕೊಂಡ್ರಾ? ನೀರಿಲ್ಲ, ಸೌದೆ ಇಲ್ಲ, ಉಪ್ಪಿಲ್ಲ. ಹೊಗೆ ಎದ್ರೆ ಗುಂಡು ಬೀಳತ್ತೆ. ಟ್ಯಾಂಕನ್ನ ಯಾವನಾದ್ರೂ ಹೊಡೀತಾನೆ. ಹೊಗೆ ಇಲ್ದೆ ಬೇಳೆ ಬೇಯಿಸಿ ನೋಡೋಣ!"

"ನೀವಿದ್ರಾ ಅಲ್ಲಿ?" ಉಸ್ತಾದ್ ವಗ್ದಿಯ ದನಿ ಸೂಜಿಯಂತಿತ್ತು.

"ಪತ್ರ... ಅಣ್ಣ ಪತ್ರ ಬರೆದಿದ್ದ."

"ಮುತ್ತಿಗೆಯೊಳಗಿಂದ?"

"ಅವನು ಹಂಗೇ," ಎಂದು ಗುಬಾಶಿ ಗೊಣಗಿದ. "ಎಲ್ಲಾದಕ್ಕೂ ಮುಂದು. ಅವನ ಹೆಸರು ಕೇಳಿ ಕೇಳಿ ನಂಗೆ ಐವತ್ತು ವರ್ಷದಿಂದ ಸಾಕಾಗಿದೆ."

ಉಮ್ದಾ ಕಣ್ಣು ಮುಚ್ಚಿಕೊಂಡ. ಹೆಡ್‌ಮಾಸ್ಟರರು ತಮ್ಮ ನಿವೃತ್ತಿಯ ದಿನವನ್ನು ನೆನೆದರು. ಆದರೆ ಉಸ್ತಾದ್ ವಗ್ದಿ ಎದ್ದು ನಿಂತು ಗುಬಾಶಿಯ ಎರಡೂ ಕೈಗಳನ್ನು ಹಿಡಿದುಕೊಂಡ.

"ಇಪ್ಪತ್ತಾರು ವರ್ಷದಲ್ಲಿ ನಾನು ನಲವತ್ತು ಊರು ನೋಡಿದೀನಿ. ಎಲ್ಲಾ ಕಡೆ ತಮ್ಮಂದಿರು ಎದೆ ಬಡ್ಕೊಂಡು ಅಳ್ತಾರೆ. ಎಲ್ಲಾ ಬಾಡಿಗೆ ತಮ್ಮಂದಿರು! ಅಣ್ಣನ ಮೇಲೆ ಇಷ್ಟು ಸಿಟ್ಟಿರೋನು ನೀವೊಬ್ಬರೇ. ಸ್ವಂತ ತಮ್ಮನಿಗೆ ಮಾತ್ರ ಹಿಂಗೆ ಸಿಟ್ಟು ಬರೋಕೆ ಸಾಧ್ಯ. ಹುತಾತ್ಮರು ಪಕ್ಕಾ!"

ಅವನು ಅಲ್ಲೇ ಕೂತು ವರದಿ ಬರೆದ. ಒಂದು ಕಡೆ ಪೆನ್ನು ನಿಂತಿತು. "ಬರೀ ಅಕ್ಟೋಬರ್ ಅಂತಿದೆ. ದಿನಾಂಕ ಬೇಕು. ಯಾವತ್ತು ಹುತಾತ್ಮರಾಗಿದ್ದು?"

"ಇಪ್ಪತ್ನಾಲ್ಕು! ಬುಧವಾರ!" ಎಂದ ಉಮ್ದಾ, ಬುಧವಾರದ ಮೇಲೆ ಊರಿಗಿದ್ದ ಹಳೆಯ ಮೋಹದಿಂದ. ಅದು ಕಡತ ಸೇರಿತು. ಶಾಲೆ ಉಳಿಯಿತು. ಆ ಸಂಜೆ ಚಹಾದಂಗಡಿಯಲ್ಲಿ ಗುಬಾಶಿಯ ಲೋಟಕ್ಕೆ ಐದು ಚಮಚ ಸಕ್ಕರೆ ಬಿತ್ತು.

ಸೋಮವಾರ ಹೆಡ್‌ಮಾಸ್ಟರರೂ ಗಣಿತದ ಮೇಷ್ಟ್ರೂ ಅರ್ಜಿಗೆ ಸಹಿ ಹಾಕಿದರು. ಬೀಗ ತೆಗೆದು, ಹದ್ದಿಗೆ ಉಸಿರು ಊದಿ, ಠಪ್ಪೆಂದು ಒತ್ತಿದರು. ಮಂಗಳವಾರ ಗುಬಾಶಿ ಪಟ್ಟಣದ ಹಳೇ ಯೋಧರ ಕಚೇರಿಗೆ ಹೊರಟ. ಅವನು ದಾರಿಯಲ್ಲಿ ಮೀತ್ ವಿಝ್ಝಾದಲ್ಲಿ ಇಳಿದಾನೆಂಬ ಅನುಮಾನದಿಂದ ಉಮ್ದಾ ಹೊರಟ. ಉಮ್ದಾ ಕಚೇರಿಯಲ್ಲಿ ಮತ್ತೆ ಟ್ಯಾಂಕಿನ ಮಾತೆತ್ತಾನೆಂಬ ಅನುಮಾನದಿಂದ ಹೆಡ್‌ಮಾಸ್ಟರರು ಹೊರಟರು. ಕಚೇರಿಯಲ್ಲಿ ಸುಯೆಜ್‌ನ ಹೆಂಗಸು ಕಾದು ನಿಂತಿರುತ್ತಾಳೆಂಬ ಅನುಮಾನದಿಂದ ನಬವಿಯ್ಯಾ ಹೊರಟಳು. ಹೀಗೆ ವ್ಯಾನು ತುಂಬಿತು.

ಕಚೇರಿ ಮೂರನೇ ಮಹಡಿಯಲ್ಲಿತ್ತು. ಕಾಲು ಕಳೆದುಕೊಂಡವರಿಗೆ, ಮಂಡಿ ಸವೆದವರಿಗೆ ಮೀಸಲಾದ ಕಚೇರಿಯನ್ನು ಮೂರನೇ ಮಹಡಿಯಲ್ಲಿಟ್ಟು ಲಿಫ್ಟ್ ಇಡದಿರುವುದು ಆಡಳಿತದ ದೂರದೃಷ್ಟಿ; ಹತ್ತಿ ಬಂದವನಿಗೆ ಕಾಲು ಚೆನ್ನಾಗಿಯೇ ಇದೆಯಲ್ಲ ಎನ್ನಬಹುದು.

ಮೇಜಿನ ಹಿಂದೆ ಮದಾಮ್ ಇನ್ಸಾಫ್ ಮಧ್ಯಾಹ್ನದ ಸಾರಿಗೆ ಮುಲುಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಸೊಪ್ಪು ಸರಿಸಿ ಅರ್ಜಿ ತೆಗೆದುಕೊಂಡಳು, ಬೀರುವಿನಿಂದ ಸೇನೆಯ ಹಳೆಯ ದಾಖಲೆ ತೆಗೆದು ಧೂಳು ಊದಿದಳು, ಗಟ್ಟಿಯಾಗಿ ಓದಿದಳು.

"ಗುಬಾಶಿ ಮುತವಲ್ಲಿ, ಅಡುಗೆ ವಿಭಾಗ. ಮುತ್ತಿಗೆಯಲ್ಲಿದ್ದಾಗ ಹದಿನಾರು ಬಾರಿ, ಗುಂಡಿನ ಮಳೆಯ ನಡುವೆ, ಮುಂಚೂಣಿಯ ಕಂದಕಗಳಿಗೆ ಕೊಪ್ಪರಿಗೆ ಹೊತ್ತು ಊಟ ಮುಟ್ಟಿಸಿದ್ದಾನೆ. ಹದಿನಾರನೇ ಬಾರಿ ಎಡಮಂಡಿಗೆ ಸಿಡಿಗುಂಡಿನ ಚೂರು. ಪ್ರಶಂಸೆಗೆ ಅರ್ಹ."

ಉಮ್ದಾ ಗುಬಾಶಿಯ ಕಡೆ ನೋಡಿದ. ಹೆಡ್‌ಮಾಸ್ಟರರು ಮಂಡಿಯ ಕಡೆ ನೋಡಿದರು. "ಯಾಕೆ ಹೇಳ್ಲಿಲ್ಲ ಕಾಕಾ?"

"ನೀವು ಬರೀ ಟ್ಯಾಂಕ್ ಕೇಳ್ತಿದ್ರಿ. ಬೇಳೆ ಬಗ್ಗೆ ಯಾರು ಕೇಳಿದ್ರು?"

ಮದಾಮ್ ಮುಂದೆ ಓದಿದಳು. "ಫೆಬ್ರವರಿಯಿಂದ ಮಾರ್ಚ್‌ವರೆಗೆ, ಕೊಪ್ಪರಿಗೆ ಮುಚ್ಚಳ ಒಪ್ಪಿಸದ ಕಾರಣ ತಡೆಹಿಡಿಯಲಾಗಿದೆ."

ಗುಬಾಶಿ ವಿಜಯೋತ್ಸಾಹದಿಂದ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ತಾ? ಮುಚ್ಚಳ! ಸರ್ಕಾರವೇ ಬರೆದಿದೆ!"

"ಇನ್ನೇನು ಬರೀತಾರೆ?" ಎಂದಳು ನಬವಿಯ್ಯಾ. "ಹೆಂಗಸಿನ ಹೆಸರನ್ನ ಸರ್ಕಾರಿ ಕಾಗದದಲ್ಲಿ ಹಂಗೆಲ್ಲ ಬರೆಯಕ್ಕಾಗತ್ತಾ?"

"ಎಲ್ಲಾ ಸರಿಯಿದೆ ಹಾಜಿ," ಎಂದಳು ಮದಾಮ್ ಇನ್ಸಾಫ್. "ಇಂಥ ಅರ್ಜಿ ನಾನು ನೋಡೇ ಇಲ್ಲ. ಮುಂದಿನ ವಾರಾನೇ ಆಸ್ಪತ್ರೆಗೆ ಸೇರ್ಕೋಬಹುದು." ಕಾರ್ಡಿನ ಮೇಲೆ ಸಹಿ ಹಾಕಲು ಪೆನ್ನು ಎತ್ತಿದಳು. ಹಾಗೇ ಹದ್ದಿನ ಸುತ್ತ ದುಂಡಗೆ ಬರೆದಿದ್ದ ಅಕ್ಷರಗಳನ್ನು, ಕಾಗದ ತಿರುಗಿಸುತ್ತಾ ತಿರುಗಿಸುತ್ತಾ ಓದಿದಳು. "ಹುತಾತ್ಮ... ಗುಬಾಶಿ... ಮುತವಲ್ಲಿ... ಶಾಲೆ."

ಪೆನ್ನು ಕೆಳಗಿಳಿಯಿತು.

"ಇದು ಯಾರು?"

"ನನ್ನ ಅಣ್ಣ," ಎಂದ ಗುಬಾಶಿ. ಬಾಯಿಪಾಠವಾಗಿತ್ತು.

"ಸೇನೆ ದಾಖಲೇಲಿ ನಿಮಗೆ ಅಕ್ಕಂದಿರು ಮೂವರು. ಅಣ್ಣ ಇಲ್ಲ, ತಮ್ಮ ಇಲ್ಲ." ಅವಳು ಫೋನ್ ಎತ್ತಿ ಶಿಕ್ಷಣ ಇಲಾಖೆಗೆ ಮಾತಾಡಿದಳು. ಹೀಗೆ ಐವತ್ತು ವರ್ಷ ಮುಖ ನೋಡದಿದ್ದ ಎರಡು ಕಡತಗಳ ಪ್ರಥಮ ಭೇಟಿ ಮುಲುಖಿಯಾ ಸೊಪ್ಪಿನ ರಾಶಿಯ ಮೇಲೆ ನಡೆಯಿತು. ಫೋನ್ ಇಟ್ಟು ಅವಳು ಕೈ ಕಟ್ಟಿ ಕೂತಳು.

"ಮೊನ್ನೆ ಭಾನುವಾರ ಖುದ್ದು ಬಂದು ದೃಢಪಡಿಸಿದಾರಂತೆ. ಈಗ ನೋಡಿ ಹಾಜಿ, ಕೋಪ ಮಾಡ್ಕೋಬೇಡಿ. ಈ ಮುದ್ರೆ ನಿಜ ಅಂದ್ರೆ ನೀವು ಸತ್ತಿದೀರಿ; ಸತ್ತೋರಿಗೆ ಕಾರ್ಡು ಕೊಡಕ್ಕಾಗಲ್ಲ. ನೀವು ಬದುಕಿದೀರಿ ಅಂದ್ರೆ ಮುದ್ರೆ ಸುಳ್ಳು. ಸುಳ್ಳು ಮುದ್ರೆ ಇರೋ ಅರ್ಜಿಗೂ ಕಾರ್ಡು ಕೊಡಕ್ಕಾಗಲ್ಲ."

"ಹಂಗಾದ್ರೆ ದಾರಿ?"

"ದಾರಿ ಇದೆ. ಮುದ್ರೆ ಸುಳ್ಳು ಅಂತ ಒಂದು ಸಾಲು ಬರೆದುಕೊಡಿ. ಮೀತ್ ವಿಝ್ಝಾ ಆಸ್ಪತ್ರೇಲಿ ಬೇರೆ ಮುದ್ರೆ ಹಾಕಿಸ್ಕೊಂಡು ಬನ್ನಿ. ಇವತ್ತೇ ಕಾರ್ಡು ಕೊಡ್ತೀನಿ. ಆಮೇಲೆ ಶಾಲೆ ವಿಚಾರ ಶಿಕ್ಷಣ ಇಲಾಖೆಯೋರು ನೋಡ್ಕೋತಾರೆ."

ಉಮ್ದಾನ ಜಪಮಣಿ ನಿಂತಿತು. ಹೆಡ್‌ಮಾಸ್ಟರರು ಕುರ್ಚಿಯ ಅಂಚಿಗೆ ಸರಿದರು. ಈ ಮನುಷ್ಯ ಈಗ ಎಮ್ಮೆ ಹಿಡಿದೇ ಹಿಡಿಯುತ್ತಾನೆ ಎಂಬ ಅನುಮಾನ ಇಬ್ಬರ ಮುಖದಲ್ಲೂ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ರಸ್ತೆಯಲ್ಲಿ ಒಂದು ಲಾರಿ ಹಾರನ್ ಹೊಡೆದುಕೊಂಡು ಹೋಯಿತು. ಮೂರನೇ ಮಹಡಿಯ ಗಾಜು ಗಡಗಡ ಅಂದಿತು.

ಗುಬಾಶಿ ಮಂಡಿ ಉಜ್ಜಿಕೊಂಡ.

"ಮುದ್ರೆ ನಿಜ, ಮಗಳೇ. ಒಳ್ಳೇ ಮುದ್ರೆ ಅದು."

ಉಮ್ದಾ ಹಮ್ಮೂದಾ ಬಗ್ಗಿ ಗುಬಾಶಿಯ ತಲೆಗೆ ಮುತ್ತಿಟ್ಟ. ಹೆಡ್‌ಮಾಸ್ಟರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮದಾಮ್ ಇನ್ಸಾಫ್‌ಳ ಮನಸ್ಸೂ ಕರಗಿತು. ನಿಯಮಾವಳಿಯ ದಪ್ಪ ಪುಸ್ತಕ ತಿರುವಿಹಾಕಿ, ಥಟ್ಟನೆ ಬೆರಳಿಟ್ಟಳು.

"ಇಲ್ಲಿದೆ! ಹುತಾತ್ಮರ ವಿಧವೆಗೆ ಸೇನೆ ಆಸ್ಪತ್ರೇಲಿ ಎಲ್ಲಾ ಚಿಕಿತ್ಸೆ ಪುಕ್ಕಟೆ, ಸರತಿ ಸಾಲೂ ಇಲ್ಲ. ಈ ಮನೇಲಿ ಒಂದಾದ್ರೂ ಮಂಡಿ ನೆಟ್ಟಗಾಗ್ಲಿ. ತಾಯಿ, ನಿಮಗೆ ಮಂಡಿನೋವು ಇದೆಯಾ?"

"ಇಲ್ದೆ ಏನು? ಬಲಗಾಲು. ಇವನನ್ನ ಕಾದು ಕಾದೇ ಬಂದಿದ್ದು," ಎಂದಳು ನಬವಿಯ್ಯಾ ತಕ್ಷಣ.

ಎಲ್ಲರ ಮುಖ ಅರಳಿತು. ಕಚೇರಿಗೆಂದು ತಂದಿದ್ದ ಕಾಗದಪತ್ರಗಳ ಗಂಟಿನಿಂದ ಹಳದಿಯಾದ ನಿಕಾಹ್‌ನಾಮೆ ಹೊರಬಂತು. ಮದಾಮ್ ಅದನ್ನು ಬೆಳಕಿಗೆ ಹಿಡಿದಳು. ಒಂದು ಕೈಯಲ್ಲಿ ನಿಕಾಹ್‌ನಾಮೆ, ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಬರೆದುಕೊಂಡ ಚೀಟಿ. ಅದನ್ನೊಮ್ಮೆ ನೋಡಿದಳು, ಇದನ್ನೊಮ್ಮೆ ನೋಡಿದಳು.

"ಹುತಾತ್ಮರಾದದ್ದು ಅಕ್ಟೋಬರ್ ಇಪ್ಪತ್ತನಾಲ್ಕು. ಮದುವೆ ಆದದ್ದು ಮುಂದಿನ ವರ್ಷ ಜುಲೈ." ಅವಳು ಎರಡೂ ಕಾಗದಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಕ್ಷಮಿಸಿ ತಾಯಿ. ಸತ್ತು ಒಂಬತ್ತು ತಿಂಗಳಾದ ಮೇಲೆ ಆದ ಮದುವೆ ಲೆಕ್ಕಕ್ಕೆ ಬರಲ್ಲ. ನಿಯಮದ ಪ್ರಕಾರ ಇವರು ನಿಮ್ಮ ಗಂಡ ಅಲ್ಲ."

ನಬವಿಯ್ಯಾ ಕಾಗದಗಳನ್ನು ಗಂಟು ಕಟ್ಟಿದಳು. ಎದ್ದು ನಿಂತಳು. ಇಡೀ ಕಚೇರಿಯನ್ನು, ಉಮ್ದಾನನ್ನು, ಹೆಡ್‌ಮಾಸ್ಟರರನ್ನು, ಕೊನೆಗೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಆ ಪರಪುರುಷನನ್ನು ದಿಟ್ಟಿಸಿ ನೋಡಿದಳು.

"ಐವತ್ತು ವರ್ಷದಿಂದ ಬಡ್ಕೋತಾ ಇದೀನಿ," ಎಂದಳು, "ಈ ಮನುಷ್ಯನಲ್ಲಿ ಏನೋ ಸರಿಯಿಲ್ಲ ಅಂತ."

ಆಮೇಲೆ ಅವನ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಮೂರು ಮಹಡಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಹೋದಳು.